ನಾಲ್ಕನೇ ಜ್ವರ

ಶೈಲಜಾ ಮೇಡಂ ಪುಕ್ಕಲು. ಇದನ್ನು ಅವರೇ ಒಪ್ಪಿಕೊಳ್ಳುತ್ತಾರೆ, ಹಾಗಾಗಿ ನಾವು ಹೇಳಿದರೆ ಚಾಡಿಯಾಗುವುದಿಲ್ಲ. ಓದಿದ್ದು ಗಣಿತ, ಭೌತಶಾಸ್ತ್ರ. ಕೈಗೆ ಬಂದದ್ದು ಆರು, ಏಳು, ಎಂಟನೇ ತರಗತಿಗಳ ಇಡೀ ವಿಜ್ಞಾನ. ಸನ್ನೆ, ಮಸೂರ ಎಂದರೆ ಅವರ ದನಿ ಮೇಲೇಳುತ್ತದೆ. ಹುಳುಹುಪ್ಪಟೆಯ ಪಾಠವೆಂದರೆ ಹಿಂದಿನ ರಾತ್ರಿ ಪುಸ್ತಕವನ್ನು ಮೂರು ಸಲ ಓದುತ್ತಾರೆ. ಮಕ್ಕಳು ಎಲ್ಲಿ ಏನು ಕೇಳಿಬಿಡುತ್ತಾರೋ ಎಂಬ ದಿಗಿಲು.

ಗೌರಿಬಿದನೂರು ಟೌನಿನಲ್ಲಿ ಬೆಳೆದವರು. ಮೇಲೂರಿನ ಹತ್ತಿರದ ಈ ಹಳ್ಳಿಯ ಶಾಲೆಗೆ ಬಂದು ಎರಡು ತಿಂಗಳಾಗಿತ್ತು. ರೇಷ್ಮೆಯನ್ನು ಸೀರೆಯಲ್ಲಿ ಕಂಡಿದ್ದರೇ ಹೊರತು ಹುಳುವಿನ ತಟ್ಟೆಯಲ್ಲಿ ಕಂಡವರಲ್ಲ.

ಆ ದಿನ ಏಳನೇ ತರಗತಿಯಲ್ಲಿ ನಾಲ್ಕು ಮಕ್ಕಳು ಬಂದಿರಲಿಲ್ಲ. ಏಕೆಂದು ಕೇಳಿದರೆ ಮುಂದಿನ ಸಾಲಿನ ತನುಜ ಎದ್ದು ನಿಂತಳು.

“ಅವ್ರ ಮನೇಲೆಲ್ಲಾ ಜ್ವರ ಮಿಸ್. ನಮ್ಮನೇಲೂ ನಾಲ್ಕನೇ ಜ್ವರ. ನಮ್ಮಮ್ಮ ಬಾಗಿಲು ತೆಗೀಬೇಡ ಅಂದವ್ಳೆ.”

ಮೇಡಂಗೆ ಎದೆ ಧಸಕ್ಕೆಂದಿತು. ಹಿಂದಿನ ವಾರವಷ್ಟೇ ಸೊಳ್ಳೆ, ಡೆಂಗ್ಯೂ ಪಾಠ ಮಾಡಿದ್ದರು. ಒಮ್ಮೆ ಬಂದರೇ ಸಾಕು, ನಾಲ್ಕನೇ ಸಲ! ಇನ್ನೊಬ್ಬರನ್ನು ಕೇಳುವಷ್ಟು ತಾಳ್ಮೆ ಇರಲಿಲ್ಲ. ಬಿಡುವಿನಲ್ಲಿ ಸೊಳ್ಳೆಗೆ ಹೊಗೆ ಹಾಕುವವರಿಗೆ ಫೋನ್ ಮಾಡಿ, ಮಕ್ಕಳ ಪ್ರಾಣದ ಪ್ರಶ್ನೆ, ಇವತ್ತೇ ಬನ್ನಿ ಎಂದು ಗೋಗರೆದರು.

ಕೊನೆಯ ಪೀರಿಯಡ್ಡಿನಲ್ಲಿ ತಡೆಯಲಾರದೆ ತನುಜಳನ್ನು ಮತ್ತೆ ಕೇಳಿದರು. “ಅಮ್ಮನಿಗೂ ಮೈಕೈ ನೋವಾ? ಡಾಕ್ಟರಿಗೆ ತೋರಿಸಿದ್ರಾ?”

ತರಗತಿಯೆಲ್ಲ ಗೊಳ್ಳೆಂದಿತು. ತನುಜಳೂ ನಕ್ಕಳು. “ಅಮ್ಮಂಗಲ್ಲ ಮಿಸ್, ಹುಳಕ್ಕೆ! ಹಿಪ್ಪುನೇರಳೆ ಸೊಪ್ಪು ಬಿಟ್ಟು, ತಲೆ ಎತ್ಕೊಂಡು ಒಂದಿನ ಮಲಗ್ತವೆ, ಅದಕ್ಕೇ ಜ್ವರ ಅಂತೀವಿ. ಆಮೇಲೆ ಚರ್ಮ ಬಿಟ್ಟು ಏಳ್ತವೆ. ನಾಲ್ಕನೇದು ಎದ್ರೆ ಸೊಪ್ಪು ಸಾಲಲ್ಲ, ಅದ್ಕೇ ಅವ್ರೆಲ್ಲ ತೋಟಕ್ಕೆ ಹೋಗವ್ರೆ.”

ಮೇಡಂ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಬೀದಿಯ ಕಡೆಯಿಂದ ಹೊಗೆ ಮೆಷಿನ್ನಿನ ಗಡಗಡ ಶಬ್ದ ಕೇಳಿಸಿತು. ಸೊಳ್ಳೆ ಸಾಯುವ ಹೊಗೆಗೆ ರೇಷ್ಮೆಹುಳ ಉಳಿದೀತೇ? ಇದನ್ನು ಯಾವ ಪುಸ್ತಕವೂ ಅವರಿಗೆ ಹೇಳಬೇಕಾಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಚಪ್ಪಲಿ ಶಾಲೆಯ ಬಾಗಿಲಲ್ಲೇ ಉಳಿಯಿತು.

“ನಿಲ್ಲಿಸಪ್ಪಾ! ಹುಳ ಸಾಯ್ತವೆ!”

ಮೆಷಿನ್ ಹೊತ್ತಿದ್ದ ಗಂಗರಾಜು ಕೆಲಸಕ್ಕೆ ಹೊಸಬ. “ಡೆಂಗ್ಯೂ ಅಂತ ಫೋನ್ ಮಾಡಿದ್ದು ನೀವೇ ತಾನೆ ಮೇಡಂ?” ಎಂದ, ಬೀದಿಗೆಲ್ಲ ಕೇಳುವಂತೆ. ಜನ ಅವರತ್ತ ತಿರುಗಿದರು. ಮೇಡಂಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಮೆಷಿನ್ ನಿಂತಾಗ ಹೊಗೆ ಒಂದೇ ಮನೆಯನ್ನು ಮುಟ್ಟಿತ್ತು. ಅದು ತನುಜಳ ಮನೆ. ಅವಳ ತಾಯಿ ಆದಿಲಕ್ಷ್ಮಮ್ಮ ಕಿಟಕಿಗೆ ಒದ್ದೆ ಗೋಣಿ ಒತ್ತಿ ಹಿಡಿದು ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನಾಳೆ ಹುಳ ಏಳೋವರ್ಗೂ ಏನೂ ಹೇಳಾಕಾಗಲ್ಲ ಮೇಡಂ” ಎಂದಳು ಅಷ್ಟೆ.

ಮಾರನೆಯ ದಿನ ಮೇಡಂ ಬೋರ್ಡಿನ ಮೇಲೆ ತಾರೀಖನ್ನೇ ಎರಡು ಸಲ ತಪ್ಪು ಬರೆದರು. ತನುಜಳ ಜಾಗ ಖಾಲಿಯಿತ್ತು. ಆ ಹುಳುಗಳೇ ಆ ಮನೆಯ ಅನ್ನ ಎಂಬುದು ಈಗ ಅವರಿಗೆ ಗೊತ್ತಿತ್ತು. ಊಟದ ಗಂಟೆ ಹೊಡೆದಾಗ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ಮಗಳ ಕೈ ಹಿಡಿದು ಗೇಟಿನೊಳಗೆ ಬಂದಳು. ಮೇಡಂ ಎದ್ದು ನಿಂತರು.

“ಬಾಗ್ಲ ಕಡೆ ಮೂರು ತಟ್ಟೆ ಹೋದೊ. ಮಿಕ್ಕಿದ್ದೆಲ್ಲಾ ಎದ್ದವೆ, ಸೊಪ್ಪು ತಿಂತಾ ಅವೆ.”

“ತಪ್ಪು ನನ್ನದಮ್ಮಾ. ಒಂದು ಮಾತು ಕೇಳಬೇಕಿತ್ತು.”

“ಊಂ, ಕೇಳ್ಬೇಕಿತ್ತು.” ಆದಿಲಕ್ಷ್ಮಮ್ಮ ಮಗಳ ತಲೆಯ ಮೇಲೆ ಕೈಯಿಟ್ಟಳು. “ಹುಳಕ್ಕೆ ಜ್ವರ ಅಂದ್ರೆ ಮನೇವ್ರೆಲ್ಲಾ ಉಸಿರು ಬಿಗಿ ಹಿಡ್ಕೊಂಡು ಕಾಯ್ತೀವಿ. ನೀವು ಮಕ್ಕಳಿಗೆ ಅಂತ ಗಾಬರಿ ಬಿದ್ರಿ. ಹೋದ ತಿಂಗ್ಳು ಇವ್ಳಿಗೆ ಜ್ವರ ಬಂದು ಮೈ ಸುಡ್ತಾ ಇತ್ತು ಮೇಡಂ. ಸೊಪ್ಪು ಹಾಕ್ತಾ ಇದ್ದೆ, ನಾನು ಮುಟ್ಟಿ ಕೂಡ ನೋಡ್ಲಿಲ್ಲ.”