ಗಿರಣಿಯವಳ ಮಗಳು ಯಾಕೆ ಮಾತಾಡುವುದಿಲ್ಲ?

ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳಿಗೆ ಪಾದರಸ ಅಂತ ಹೆಸರಿಟ್ಟವಳು ನಾನೇ. ಅವಳ ಗಿರಣಿಗೆ ಎದುರುಬದುರಾಗಿ ನನ್ನ ಹೊಲಿಗೆ ಅಂಗಡಿ. ಮಷೀನಿನಿಂದ ತಲೆ ಎತ್ತಿದರೆ ಅವಳೇ ಕಾಣುತ್ತಾಳೆ, ಆದರೆ ಒಂದು ಕಡೆ ನಿಂತಿದ್ದನ್ನು ನಾನು ಕಂಡಿಲ್ಲ. ಡಬ್ಬಿ ಇಳಿಸುತ್ತಾಳೆ, ಗಿರಣಿಯ ಬಾಯಿಗೆ ಗೋಧಿ ಸುರಿಯುತ್ತಾಳೆ, ಬೀಳುತ್ತಿರುವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ಮುಖ ಸಿಂಡರಿಸುತ್ತಾಳೆ, ಬೆಲ್ಟು ನೋಡಲು ಓಡುತ್ತಾಳೆ. ಅವಳನ್ನು ನೋಡಿ ನೋಡಿಯೇ ನನಗೆ ಸುಸ್ತಾಗುತ್ತದೆ. ಅವಳ ಗಂಡ ಮಾತ್ರ ತಕ್ಕಡಿಯ ಪಕ್ಕದಲ್ಲಿ ಇನ್ನೊಂದು ತೂಕದ ಕಲ್ಲಿನ ಹಾಗೆ ಕೂತಿರುತ್ತಾನೆ. ಒಳ್ಳೆಯವನೇ. ಅವಸರ ಅನ್ನುವುದು ಅವನ ಹಣೆಯಲ್ಲಿ ಬರೆದಿಲ್ಲ, ಅಷ್ಟೇ.

ಗಿರಣಿ ಓಡುವಾಗ ಅಲ್ಲಿ ಬಾಯಿಗೆ ಬೆಲೆಯಿಲ್ಲ. ಗಂಟಲು ಹರಿಯುವ ಹಾಗೆ ಕಿರುಚಿದರೂ ಪಕ್ಕದವರಿಗೆ ಕೇಳಿಸದು. ಹಾಗಾಗಿ ಆ ಮನೆಯವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ನುಣ್ಣಗೆ, ಮುಷ್ಟಿ ಹಿಡಿದರೆ ತರಿತರಿಯಾಗಿ, ಅಂಗೈ ಕೆಳಗೆ ಮಾಡಿದರೆ ತಡಿ ಅಂತ. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಗಿರಣಿ ನಿಲ್ಲಿಸಿ ಊಟಕ್ಕೆ ಕೂತಾಗಲೂ ಕೈಯಲ್ಲೇ ನೀರು ಕೇಳುವ ಜನ ಅವರು. ದಿನವಿಡೀ ಆ ಸದ್ದು ತಿಂದವರಿಗೆ ಬಾಯಿ ತೆರೆಯುವುದೇ ಬೇಸರ ಇರಬೇಕು.

ಇಂಥ ಮನೆಯಲ್ಲಿ ಪುಟ್ಟಿ ಹುಟ್ಟಿದಳು. ಮೂರು ತುಂಬಿದರೂ ಒಂದು ಮಾತಿಲ್ಲ, ಅಮ್ಮ ಅಂತಲೂ ಇಲ್ಲ. ಆದರೆ ಚುರುಕು ಅಂದರೆ ಚುರುಕು. ಕೈ ಸನ್ನೆ ಮಾಡಿದರೆ ಜರಡಿ ತರುತ್ತಾಳೆ, ಡಬ್ಬಿಗೆ ಸರಿಯಾದ ಮುಚ್ಚಳ ಹುಡುಕಿ ಕೊಡುತ್ತಾಳೆ, ಸಾಲು ಮುರಿದು ಮುಂದೆ ಬಂದ ಗಿರಾಕಿಗೆ ಅಂಗೈ ಕೆಳಗೆ ಮಾಡಿ ತಡೆಯುತ್ತಾಳೆ. ಜನ ನೋಡಿ ನಗುತ್ತಿದ್ದರು. ಈ ಮಗುವಿಗೆ ಏನೋ ಆಗಿದೆ ಅಂತ ಯಾರಿಗೆ ತಾನೇ ಅನ್ನಿಸುತ್ತದೆ? ಪಾದರಸಕ್ಕೆ ಅನ್ನಿಸಿತು.

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಒಂದು ಡಬ್ಬಿ ಬೀಸಿ ಇನ್ನೊಂದು ಸುರಿಯುವ ಸಂದಿನಲ್ಲಿ ರಸ್ತೆ ದಾಟಿ ನನ್ನ ಅಂಗಡಿಗೆ ಬಂದುಬಿಡುವಳು.

"ಅಕ್ಕಾ, ನಿಮ್ಮ ಮಗ ಎಷ್ಟಕ್ಕೆ ಮಾತಾಡಿದ?"

"ನಿನ್ನೆನೂ ಇದನ್ನೇ ಕೇಳಿದ್ಯಲ್ಲೇ. ಒಂದಕ್ಕೆ ಶುರು ಮಾಡಿದೋನು ಇನ್ನೂ ನಿಲ್ಸಿಲ್ಲ, ನನ್ನ ಪ್ರಾಣ ತಿಂತಿದಾನೆ."

ಅವಳಿಗೆ ನಗು ಬರಲಿಲ್ಲ. ಬಂದ ಗಿರಾಕಿಗಳನ್ನೆಲ್ಲ ಅದನ್ನೇ ಕೇಳತೊಡಗಿದಳು. ಕೇಳಿದ ಮೇಲೆ ಬಿಡುತ್ತಾರೆಯೇ? ತಲೆಗೊಂದು ಕಾರಣ ಕೊಟ್ಟರು. ನಾಲಿಗೆ ದಪ್ಪ ಅಂದರು, ಮೊಬೈಲು ಅಂದರು, ಮುದ್ದು ಜಾಸ್ತಿಯಾಯಿತು ಅಂದರು. ಅವಳ ಅತ್ತೆಯದು ಒಂದೇ ಹಟ. "ನನ್ನ ಮಗನೂ ನಾಲ್ಕು ತುಂಬೋವರೆಗೆ ಬಾಯಿ ಬಿಟ್ಟಿರ್ಲಿಲ್ಲ. ಈಗ ನೋಡು!" ನಾನು ನೋಡಿದೆ. ಅವನು ಈಗಲೂ ಭಾರೀ ಮಾತಾಡಿದ್ದನ್ನು ನಾನಂತೂ ಕಾಣೆ.

ಇವೆಲ್ಲ ಗಾಳಿಗೆ ಹೋದವು. ಮೂಲೆಮನೆಯಾಕೆ ಆಡಿದ ಒಂದು ಮಾತು ಮಾತ್ರ ಹೋಗಲಿಲ್ಲ. "ತಾಯಿ ಆದೋಳು ಮಾತಾಡ್ಸಿದ್ರೆ ತಾನೇ ಮಗು ಮಾತಾಡೋದು? ನಿಂಗೆ ಗಿರಣಿನೇ ಮಗು." ಪಾದರಸದ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ನನಗೆ ಮೈ ಉರಿದುಹೋಯಿತು. ಆಕೆಯ ಬಟ್ಟೆ ಹೊಲಿಯಲು ನನ್ನ ಹತ್ತಿರ ಇತ್ತು. ಬೇಕಂತಲೇ ಹದಿನೈದು ದಿನ ಸತಾಯಿಸಿದೆ. ಆದರೆ ಅದರಿಂದ ಇವಳಿಗೇನು ಬಂತು?

ಕಿವಿಯ ವಿಚಾರ ಯಾರಿಗೂ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆದಿತ್ತು. ಮಗುವಿನ ಬೆನ್ನ ಹಿಂದೆ ಖಾಲಿ ಡಬ್ಬಿ ಬಡಿದು ನೋಡಿದ್ದರು, ಸರಕ್ಕನೆ ತಿರುಗಿತ್ತು. ಗಿರಣಿ ಶುರುವಾದರೆ ಸಾಕು, ಹಿಂದಿನ ಕೋಣೆಯಲ್ಲಿ ಆಡುತ್ತಿದ್ದವಳು ಬರಿಗಾಲಲ್ಲಿ ಓಡಿ ಬಂದು ಗೋಡೆಗೆ ಎರಡೂ ಕೈ ಒತ್ತಿ ನಿಲ್ಲುತ್ತಿದ್ದಳು. ಕಿವಿ ಕೇಳಿಸದಿದ್ದರೆ ಓಡಿ ಬರುತ್ತಾಳೆಯೇ? ಹಾಗಂತ ಎಲ್ಲರೂ ಸೇರಿ ಕಿವಿಯನ್ನು ಪಾಸು ಮಾಡಿ ಬಿಟ್ಟಿದ್ದರು. ನಾನೂ ಆ ಎಲ್ಲರಲ್ಲಿ ಒಬ್ಬಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಗೋಧಿ ಕೊಟ್ಟು ಕಾಯುತ್ತಾ ಗಿರಣಿಯಲ್ಲೇ ನಿಂತಿದ್ದೆ. ಪುಟ್ಟಿ ಖಾಲಿ ಗೋಣಿಚೀಲಗಳ ಗುಡ್ಡೆಯ ಮೇಲೆ ಹತ್ತಿ, ನಮಗೆ ಬೆನ್ನು ಹಾಕಿ ಆಡುತ್ತಿದ್ದಳು. ಪಾದರಸದ ಕೈಯಿಂದ ಡಬ್ಬಿ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ನಾನು ಬೆಚ್ಚಿಬಿದ್ದೆ. ಮಗು ಅಲ್ಲಾಡಲಿಲ್ಲ. ಪಾದರಸ ಮಗುವಿನ ಬೆನ್ನನ್ನೇ ನೋಡಿದಳು. ಆಮೇಲೆ ಡಬ್ಬಿ ಎತ್ತಿ ಬೇಕಂತಲೇ ನೆಲಕ್ಕೆ ಬಡಿದಳು. ಮಗು ಚೀಲದ ದಾರ ಎಳೆಯುತ್ತಲೇ ಇತ್ತು. ಅವಳು ಓಡಿಹೋಗಿ ಮಗುವನ್ನು ಇಳಿಸಿ, ಗೋಡೆಗೆ ಮುಖ ಮಾಡಿಸಿ ನೆಲದ ಮೇಲೆ ನಿಲ್ಲಿಸಿ, ಹಿಂದೆ ಸರಿದು ಮತ್ತೆ ಬಡಿದಳು. ಪುಟ್ಟಿ ಥಟ್ಟನೆ ತಿರುಗಿ ನಕ್ಕಳು.

"ಅಕ್ಕಾ, ಇವಳು ಪಾದದಲ್ಲಿ ಕೇಳಿಸ್ಕೊಳ್ತಿದಾಳೆ."

ಚೀಲದ ಗುಡ್ಡೆಯ ಮೇಲಿದ್ದವಳಿಗೆ ನೆಲದ ನಡುಕ ತಲುಪಿರಲಿಲ್ಲ. ಗಿರಣಿಯ ನೆಲ ನಡುಗುವುದು, ಗೋಡೆ ನಡುಗುವುದು ನಮಗೆ ಗೊತ್ತಿಲ್ಲದ್ದೇನಲ್ಲ. ದಿನಾ ಅದರಲ್ಲೇ ನಿಂತಿರುವವರು ನಾವು.

ಗಂಡ ನಾಳೆ ನೋಡೋಣ ಅಂದ. ಅತ್ತೆ ಇಲ್ಲದ ರೋಗ ಹುಡುಕಬೇಡ ಅಂದಳು. ಪಾದರಸ ಇಬ್ಬರ ಮುಖವನ್ನೂ ನೋಡದೆ ಮಗುವನ್ನು ಎತ್ತಿಕೊಂಡಳು, ಹಿಟ್ಟು ಮೆತ್ತಿದ ಬಟ್ಟೆಯಲ್ಲೇ. ನಾನು ಅಂಗಡಿ ಬಾಗಿಲು ಎಳೆದು ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಮೇಡಂ ಒಬ್ಬರಿದ್ದರು. ದಪ್ಪ ಗೋಡೆಯ ಸಣ್ಣ ಕೋಣೆಯಲ್ಲಿ ಪುಟ್ಟಿಯನ್ನು ಕೂರಿಸಿ, ತಲೆಗೆ ಏನೋ ಅಂಟಿಸಿ, ಇನ್ನೂ ಒಂದು ದಿನ ಬರಲು ಹೇಳಿ, ಕಡೆಗೆ ನಮ್ಮನ್ನು ಎದುರಿಗೆ ಕೂರಿಸಿಕೊಂಡರು.

"ಎರಡೂ ಕಿವಿ ತುಂಬಾ ಕಡಿಮೆ ಕೇಳಿಸ್ತಿದೆ. ಮಾತು ಇವಳವರೆಗೆ ತಲುಪೇ ಇಲ್ಲಮ್ಮ. ಮಾತು ತಡ ಆಗೋದಕ್ಕೆ ಎಲ್ಲ ಮಕ್ಕಳಲ್ಲೂ ಇದೇ ಕಾರಣ ಅಲ್ಲ. ಕೆಲವಕ್ಕೆ ಎಲ್ಲ ಅರ್ಥ ಆಗುತ್ತೆ, ಬಾಯಿಗೆ ಬರೋದು ನಿಧಾನ. ಕೆಲವು ಮಕ್ಕಳ ಮನಸ್ಸು ಬೆಳೆಯೋ ದಾರಿನೇ ಬೇರೆ. ಅದಕ್ಕೇ ಮನೇಲಿ ಊಹೆ ಮಾಡ್ತಾ ಕೂರಬಾರದು, ಮೊದಲು ಕಿವಿ ತೋರಿಸ್ಬೇಕು."

ಪಾದರಸ ಕುರ್ಚಿಯ ತುದಿಗೆ ಸರಿದಳು. "ಇವಳು ಹೊಟ್ಟೇಲಿದ್ದಾಗ ನಾನು ಗಿರಣಿ ಬಿಟ್ಟಿರ್ಲಿಲ್ಲ ಮೇಡಂ. ಅದಕ್ಕೇ ಹೀಗಾಯ್ತಾ? ನಾನು ಮಾತಾಡ್ಸಿದ್ದು ಸಾಲ್ಲಿಲ್ವಾ?"

"ಯಾಕೆ ಹೀಗಾಯ್ತು ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ. ನೀವು ಎಷ್ಟು ಮಾತಾಡ್ಸಿದ್ರೂ ಇವಳಿಗೆ ಕೇಳಿಸ್ತಿರ್ಲಿಲ್ಲ, ಅದು ಮಾತ್ರ ಗೊತ್ತು. ನೀವು ಕೈ ಸನ್ನೆ ಕಲಿಸಿದ್ದರಿಂದಲೇ ಇಷ್ಟು ಚುರುಕಾಗಿದಾಳೆ. ಅದನ್ನ ನಿಲ್ಲಿಸ್ಬೇಡಿ. ಜೊತೆಗೆ ಬಾಯಲ್ಲೂ ಹೇಳಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಅತ್ತಳು. ಅಳುತ್ತಲೇ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಕಿವಿಗೆ ಮಷೀನು ಬಂತು. ಬಂದ ಕೂಡಲೇ ಮಗು ಅರಳು ಹುರಿದ ಹಾಗೆ ಮಾತಾಡುತ್ತದೆ ಅಂತ ಕಾದಿದ್ದ ಬೀದಿಗೆ ಭಾರೀ ನಿರಾಸೆ. ಪುಟ್ಟಿ ಅದನ್ನು ಕಿತ್ತು ಕಿತ್ತು ಎಸೆದಳು. ಒಮ್ಮೆ ಒಂದು ಮಷೀನು ಯಾರದೋ ಹಿಟ್ಟಿನ ಡಬ್ಬಿಯಲ್ಲಿ ಹೂತುಹೋಗಿ, ಇಡೀ ಡಬ್ಬಿ ಜರಡಿ ಹಿಡಿದು ಹುಡುಕಿದೆವು. ಮಷೀನು ಹಾಕಿಕೊಂಡು ಗಿರಣಿಯ ಸದ್ದಿಗೆ ಬರಕೂಡದು ಅಂತ ಮೇಡಂ ಹೇಳಿದ್ದರಿಂದ, ಗಿರಣಿ ಓಡುವಾಗ ಪುಟ್ಟಿ ಅಜ್ಜಿಯ ಜೊತೆ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಬೆಳಗ್ಗೆ ಹತ್ತರವರೆಗೆ ಮತ್ತು ಸಂಜೆ ಮಾತ್ರ ಬೀಸುವುದು ಅಂತಾಯಿತು. ಉಳಿದ ಹೊತ್ತೆಲ್ಲ ಪಾದರಸ ಮಾತಾಡಿದಳು. ಬಾಯಿಗೆ ಬೀಗ ಹಾಕಿಕೊಂಡಿದ್ದ ಹೆಂಗಸು! "ನೀರು. ನೀರು ಬೇಕಾ? ಬೇಕು. ಸಾಕಾ? ಸಾಕು." ತಟ್ಟೆಗೆ ಬಡಿಸುವಾಗ, ಮೈಮೇಲೆ ನೀರು ಹುಯ್ಯುವಾಗ, ತಲೆ ಬಾಚುವಾಗ, ಅದನ್ನೇ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ತಿಂಗಳುಗಳು ಹೋದವು. ಮಗು ಅವಳ ಬಾಯನ್ನೇ ನೋಡುತ್ತಿತ್ತು, ತಾನು ಮಾತ್ರ ಬಾಯಿ ಬಿಡಲಿಲ್ಲ.

"ಇನ್ನು ಮಾತು ಬರಲ್ವೇನೋ ಅಕ್ಕಾ," ಅಂದಳು ಒಂದು ದಿನ, ನನ್ನ ಅಂಗಡಿಯ ಬಾಗಿಲಲ್ಲಿ ನಿಂತು. ನಾನು ಸೂಜಿಗೆ ದಾರ ಪೋಣಿಸಿದೆ.

ಅದಾಗಿ ಕೆಲವು ದಿನಕ್ಕೆ, ಬೆಳಗ್ಗೆ, ಅವಳು ನನ್ನ ಗೋಧಿ ಬೀಸುತ್ತಿದ್ದಳು. ಒಳಗೆ ಅಜ್ಜಿ ತೂಕಡಿಸಿದ್ದೇ ತಡ, ಪುಟ್ಟಿ ಬಾಗಿಲು ತೆಗೆದು, ಕಿವಿಯ ಮಷೀನು ಸಮೇತ ಗಿರಣಿಯೊಳಗೆ ಬಂದುಬಿಟ್ಟಳು. ಬಂದವಳು ಎರಡು ಹೆಜ್ಜೆಗೆ ನಿಂತಳು. ಮುಖ ಕಿವುಚಿಕೊಂಡಿತು, ಎರಡೂ ಕೈ ಕಿವಿಗೆ ಹೋಯಿತು, ಬಾಯಿ ತೆರೆಯಿತು. ಅಳುತ್ತಿದ್ದಾಳೆ ಅಂದುಕೊಂಡು ನಾನು ಎತ್ತಿಕೊಳ್ಳಲು ಹೋದೆ. ಅಷ್ಟರಲ್ಲಿ ಪಾದರಸ ಹಾರಿಹೋಗಿ ಸ್ವಿಚ್ಚು ಆರಿಸಿದಳು. ಕಲ್ಲು ತಿರುಗಿ ತಿರುಗಿ ನಿಂತಿತು.

"ಏನಾಯ್ತೇ?" ಅಂದ ಗಂಡ.

"ಪುಟ್ಟಿ ಮಾತಾಡಿದ್ಲು. ಸಾಕು ಅಂದ್ಲು."

"ಆ ಸದ್ದಲ್ಲಿ ನಿಂಗೆ ಹೆಂಗೆ ಕೇಳಿಸ್ತು?"

"ಕೇಳಿಸ್ಲಿಲ್ಲ. ನೋಡ್ದೆ."

ಅವಳು ಮೊಣಕಾಲೂರಿ ಮಗುವಿನ ಮುಂದೆ ಕೂತಳು. "ಇನ್ನೊಂದ್ಸಲ ಹೇಳು ಕಂದಾ." ಮಗು ಮೂಗು ಒರೆಸಿಕೊಂಡು ಸುಮ್ಮನೆ ನಿಂತಿತು. ಡಬ್ಬಿ ಹಿಡಿದು ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜ ಹೇಳುತ್ತೇನೆ, ಪಾಪ, ಇವಳಿಗೆ ತಲೆ ಕೆಟ್ಟಿತು ಅಂತ ನನಗೂ ಅನ್ನಿಸಿತು. ಗಂಡ ಮೆಲ್ಲಗೆ ಎದ್ದು ಬಂದ. "ಅಳ್ತಿತ್ತು ಅಷ್ಟೇ, ಬಿಡೇ. ಒಳಗೆ ಕರ್ಕೊಂಡು ಹೋಗು. ಜನ ಕಾಯ್ತಿದಾರೆ," ಅಂತ ಸ್ವಿಚ್ಚು ಒತ್ತಿದ. ಮೋಟಾರು ಗುರ್ ಅಂದಿತು.

"ಆಕು!"

ಸದ್ದು ಏರುವ ಮೊದಲೇ ಎಲ್ಲರಿಗೂ ಕೇಳಿಸಿತು. ಒರಟು ದನಿ, ಮೊದಲ ಅಕ್ಷರ ಸರಿಯಾಗಿ ಬಂದಿಲ್ಲ. "ಆಕು! ಆಕು!"

ಗಂಡ ಕೈ ಸುಟ್ಟವನ ಹಾಗೆ ಸ್ವಿಚ್ಚು ಆರಿಸಿದ. ಆ ತೂಕದ ಕಲ್ಲು ಅಲ್ಲೇ ಗೋಡೆಗೊರಗಿ, ಎಲ್ಲರೆದುರು ಗೊಳೋ ಅಂತ ಅತ್ತುಬಿಟ್ಟಿತು. ನನಗೂ ಕಣ್ಣು ಮಂಜಾಯಿತು. ಪಾದರಸ ಅಳಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ನನ್ನ ಡಬ್ಬಿ ನನ್ನ ಕೈಗಿಟ್ಟಳು, ಅರ್ಧ ಹಿಟ್ಟು, ಅರ್ಧ ಕಾಳು. ಆಮೇಲೆ ಬಾಗಿಲಿಗೆ ಅಡ್ಡ ನಿಂತಳು. ಆ ದಿನ ಪೂರ್ತಿ ಡಬ್ಬಿ ಹೊತ್ತು ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಒಂದೇ ಮಾತು ಹೇಳಿದಳು.

"ಇವತ್ತು ಬೀಸಲ್ಲ. ನಮ್ಮ ಪುಟ್ಟಿ ಸಾಕು ಅಂದ್ಲು."