ಮಂಗಳವಾರದ ಕಾಫಿ

ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ದಂಡೆಯಲ್ಲಿದ್ದ ಪುಟ್ಟ ಕಚೇರಿಯೊಂದರಲ್ಲಿ ಯಾನೆಕೆ, ಕಂಪ್ಯೂಟರುಗಳ ಹೆಸರು ಹೇಳಿದರೆ ಜಾಲದಲ್ಲಿ ಅವುಗಳ ವಿಳಾಸ ತಿಳಿಸುವ ಸರ್ವರುಗಳಿಗೆ ತಂತ್ರಾಂಶ ಬರೆಯುತ್ತಿದ್ದಳು. ತಲೆ ನರೆತರೂ ಅದೇ ಕೆಲಸ, ಅದೇ ಸೈಕಲ್ಲು. ಆ ವಸಂತದಲ್ಲಿ ತಮ್ಮದೇ ತಂತ್ರಾಂಶದಲ್ಲಿ ಅವಳಿಗೊಂದು ದೋಷ ಕಣ್ಣಿಗೆ ಬಿತ್ತು. ಒಂದು ಬಗೆಯ ವಕ್ರ ಪ್ರಶ್ನೆ ಕಳಿಸಿದರೆ ಸಾಕು, ಸರ್ವರು ತನ್ನ ಬಾಲವನ್ನೇ ಅಟ್ಟುವ ನಾಯಿಯಂತೆ ಸುತ್ತುತ್ತ, ಬೇರೆ ಯಾರಿಗೂ ಉತ್ತರ ಕೊಡದಾಗುತ್ತಿತ್ತು. ತಿದ್ದುಪಡಿ ಸಿದ್ಧವಾಯಿತು. ಮಂಗಳವಾರ ಎಲ್ಲರಿಗೂ ಒಟ್ಟಿಗೆ ತಿಳಿಸುವುದು, ಅಲ್ಲಿಯವರೆಗೆ ಮನೆಯವರ ಮುಂದೂ ಬಾಯಿ ಬಿಡಬಾರದು. ಇದು ಆ ಕಸುಬಿನ ಕಟ್ಟಳೆ. ಸುದ್ದಿ ಹೊರಬಿದ್ದೊಡನೆ ಕಿಡಿಗೇಡಿಗಳೂ ಓದುತ್ತಾರೆ. ಆಗ ತಿದ್ದುಪಡಿ ಹಾಕಲು ತಡಮಾಡಿದವನು ಕೆಟ್ಟ.

ಭಾನುವಾರ ಅಕ್ಕ ಹಿಲ್ಡೆಯ ಹುಟ್ಟುಹಬ್ಬ. ಅಲ್ಲಿನ ರೂಢಿಯಂತೆ ಹುಟ್ಟುಹಬ್ಬದವಳಿಗಷ್ಟೇ ಅಲ್ಲ, ದುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತ ಅವಳ ಕಡೆಯವರಿಗೆಲ್ಲ ಸಾಲಾಗಿ ಅಭಿನಂದನೆ ಹೇಳಿದ್ದಾಯಿತು; ತಲೆಗೊಂದು ಕಾಫಿ, ಒಂದೇ ತುಂಡು ಕೇಕು. ಭಾವ ಡೌವೆ ಊರ ಆಸ್ಪತ್ರೆಯ ಸರ್ವರನ್ನು ಒಬ್ಬನೇ ನೋಡಿಕೊಳ್ಳುವವನು. ಅಲ್ಲಿಯೂ ಇದೇ ತಂತ್ರಾಂಶ.

"ನಿಮ್ಮ ತಂತ್ರಾಂಶ ಹಾಕಿದ ಸರ್ವರು ಕುದುರೆ ಕಣೇ. ಮಗಳು ಹೈಸ್ಕೂಲು ಸೇರ್ದಾಗ ಶುರುಮಾಡಿದ್ದು, ಇನ್ನೂ ಒಂದ್ಸಲಾನೂ ನಿಲ್ಸಿಲ್ಲ" ಎಂದ ಡೌವೆ.

"ನನ್ನ ಹುಟ್ಟುಹಬ್ಬ ಮರೀತಾನೆ, ಆ ಸರ್ವರು ಹುಟ್ಟಿದ ದಿನ ಮಾತ್ರ ಬಾಯಿಪಾಠ" ಎಂದಳು ಹಿಲ್ಡೆ.

"ಮಂಗಳವಾರ ರಜ ಹಾಕಿದೀನಿ. ದೋಣಿ ನೀರಿಗಿಳಿಸ್ಬೇಕು. ಫೋನೂ ಒಯ್ಯಲ್ಲ" ಎಂದ ಡೌವೆ.

ಯಾನೆಕೆ ಕೇಕಿನ ತಟ್ಟೆ ಕೆಳಗಿಟ್ಟಳು. ಹೇಳಿದರೆ ಕೊಟ್ಟ ಮಾತು ತಪ್ಪಿದಂತೆ. ಹೇಳದಿದ್ದರೆ ವಾರ್ಡುಗಳಲ್ಲಿ ರೋಗಿಗಳ ವಿವರವೇ ಸಿಗದೆ ಹೋದೀತು.

"ಭಾವ, ಮಂಗಳವಾರ ಹತ್ತು ಗಂಟೆಗೆ ನಿನ್ನ ಆಫೀಸಿಗೆ ಕಾಫಿಗೆ ಬರ್ತೀನಿ. ಬರ್ಕೋ."

"ರಜ ಅಂದ್ನಲ್ಲೇ!"

"ಇಷ್ಟು ವರ್ಷದಲ್ಲಿ ಒಂದ್ಸಲ ಕರ್ದಿದೀಯಾ, ಜಿಪುಣ? ಕೇಕು ನಾನೇ ತರ್ತೀನಿ."

ಗೊತ್ತುಮಾಡಿಕೊಂಡ ಭೇಟಿಯನ್ನು ಆ ನಾಡಿನ ಜನ ತಪ್ಪಿಸುವವರಲ್ಲ. ಡೌವೆ ಗೊಣಗುತ್ತಲೇ ಬರೆದುಕೊಂಡ.

ಮಂಗಳವಾರ ಅವನ ಆಫೀಸಿನಲ್ಲಿ ಅವಳು ಸೇಬಿನ ಕೇಕು ಕತ್ತರಿಸುತ್ತಿದ್ದಾಗ ದೋಷದ ಪ್ರಕಟಣೆ ಬಂತು. ಡೌವೆ ಓದಿದ. ಅವಳ ಮುಖ ನೋಡಿದ.

"ಭಾನುವಾರವೇ ಗೊತ್ತಿತ್ತು ನಿಂಗೆ."

"ಕಾಫಿ ಆರ್ತಾ ಇದೆ."

"ನನ್ನ ದೋಣಿ ಕೆಡ್ಸೋಕೆ ಇಷ್ಟು ನಾಟಕ!"

ಬೈಯುತ್ತಲೇ ತಿದ್ದುಪಡಿ ಹಾಕಿದ. ಇನ್ನು ಸರ್ವರನ್ನು ನಿಲ್ಲಿಸಿ ಎಬ್ಬಿಸಬೇಕು. ಕೀಲಿಯ ಮೇಲೆ ಬೆರಳಿಟ್ಟವನು ಹಾಗೆಯೇ ಕೂತ.

"ಹೈಸ್ಕೂಲು ಸೇರಿದ್ದ ಹುಡುಗಿ ಈಗ ಕಾಲೇಜೂ ಮುಗಿಸಿದಾಳೆ" ಎಂದ.

"ಗೊತ್ತು. ಒತ್ತು."

ಒತ್ತಿದ. ಸರ್ವರು ನಿಂತಿತು, ಮತ್ತೆ ಎದ್ದಿತು. ನಿಲ್ಲದೆ ಓಡಿದ ಕಾಲವೇ ಅದರ ವಯಸ್ಸು; ಪರದೆಯ ಮೇಲೆ ಈಗ ಅದು ಒಂದು ನಿಮಿಷವೂ ಇರಲಿಲ್ಲ. ಯಾನೆಕೆ ದೊಡ್ಡ ತುಂಡನ್ನು ಅವನತ್ತ ಸರಿಸಿದಳು.

"ಅಭಿನಂದನೆ ಭಾವ, ಇವತ್ತು ಇದರ ಹುಟ್ಟುಹಬ್ಬ."