ಗಿರಣಿ ಅಕ್ಕನ ಓಟು

ಆಕೆಯ ರೆಪ್ಪೆಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಜೋಳದ ಹಿಟ್ಟಿನಿಂದ. ತಲೆಗೆ ಹಳೇ ಟವೆಲು ಬಿಗಿಯುತ್ತಿದ್ದಳು, ಮೂಗಿಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು, ಕಣ್ಣಿಗೆ ಏನು ಕಟ್ಟಲಾದೀತು? ಬೆಳಿಗ್ಗೆ ಗಿರಣಿ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಬಡಿದಾಗೊಮ್ಮೆ ಹಿಟ್ಟು ಸಣ್ಣಗೆ ಕೆನ್ನೆಯ ಮೇಲೆ ಉದುರುತ್ತಿತ್ತು. ಸಂಡೂರಿನ ಅದಿರು ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ ವರ್ಷಗಳಲ್ಲಿ ಚಿತ್ತವಾಡ್ಗಿಯಲ್ಲಿ ಬೆಳ್ಳಗೆ ಉಳಿದವಳು ಇವಳೊಬ್ಬಳೇ ಎಂದು ನಾವು ನಗಾಡುತ್ತಿದ್ದೆವು.

ಅವಳ ಗಿರಣಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಅವಳೇ ನಡೆಸುತ್ತಿದ್ದಳು. ಆ ಸದ್ದಿನಲ್ಲಿ ದಿನವಿಡೀ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವಳಿಗೆ ಮರೆತುಹೋಗಿತ್ತು. ಕರೆಂಟು ಹೋಗಿ ಗಿರಣಿ ನಿಂತಾಗಲೂ ಅದೇ ದನಿ. "ಯವ್ವಾ, ನಿನ್ನ ಸೊಸಿ ತವರಿಂದ ಬಂದ್ಲೇನ ಇಲ್ಲೋ?" ಎಂದು ಆಪ್ತವಾಗಿ ವಿಚಾರಿಸಿದರೆ ಆಚೆ ಓಣಿಯವರೂ ಉತ್ತರಕ್ಕೆ ಕಾಯುತ್ತಿದ್ದರು. ಅವಳಲ್ಲಿ ಗುಟ್ಟು ಹೇಳುವವರಿರಲಿಲ್ಲ. ಆದರೂ ಅವಳ ಮೇಲೆ ನಂಬಿಕೆ ಇಲ್ಲದವರೂ ಇರಲಿಲ್ಲ. ವಾರ್ಡಿನ ಮೆಂಬರನ ಮನೆಯ ಸ್ಟೀಲ್ ಡಬ್ಬಿ ಇರಲಿ, ಕೂಲಿಯವಳ ಬಟ್ಟೆ ಗಂಟು ಇರಲಿ, ಬಂದ ಸರದಿಯಲ್ಲೇ ಬೀಸುತ್ತಿದ್ದಳು. ಅವಸರ ಮಾಡಿದವರಿಗೆ, "ಜಲ್ದಿ ಇದ್ರ ಬಾಯಾಗ ಅಗಿದು ತಿನ್ನು, ಹಲ್ಲು ಅದಾವಲ್ಲ" ಎನ್ನುತ್ತಿದ್ದಳು.

ನಾನು ಕಾಲೇಜು ಬಿಟ್ಟಂದಿನಿಂದ ಒಂದು ಪಕ್ಷದ ಕೆಲಸ ಮಾಡಿಕೊಂಡು ಬಂದವನು. ಮತದಾರರ ಚೀಟಿ ಹಂಚುವುದು, ಮತದಾನದ ದಿನ ಏಜೆಂಟಾಗಿ ಕೂರುವುದು, ನಡೆಯಲಾಗದವರನ್ನು ಆಟೊದಲ್ಲಿ ಕರೆತರುವುದು. ನಮ್ಮ ಬೂತು ನಮ್ಮ ಪಕ್ಷವನ್ನು ಯಾವತ್ತೂ ಕೈಬಿಟ್ಟಿರಲಿಲ್ಲ. ಹೊಸಪೇಟೆಯ ಪಕ್ಷದ ಕಚೇರಿಯಲ್ಲಿ ನನಗೊಂದು ಕುರ್ಚಿ ಸಿಗುತ್ತಿದ್ದದ್ದು ಆ ಒಂದು ಕಾರಣಕ್ಕೆ.

ಈಚಿನ ಲೋಕಸಭೆ ಚುನಾವಣೆಯಲ್ಲಿ ಊರಿಗೆ ಊರೇ ಎರಡಾಯಿತು. ಹಿಂದೆಯೂ ಪಕ್ಷಗಳಿದ್ದವು, ಬೈದಾಟವಿತ್ತು, ಫಲಿತಾಂಶದ ಮಾರನೇ ದಿನ ಒಂದೇ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದೆವು. ಈ ಸಲ ಹಾಗಲ್ಲ. ಮೊಬೈಲಿನಲ್ಲಿ ದಿನಾ ಏನೇನೋ ಬರುತ್ತಿತ್ತು. ಬೀಗರು ಬೀಗರನ್ನು ಮದುವೆಗೆ ಕರೆಯಲಿಲ್ಲ. ಓಣಿಯ ಮೇಲ್ತಲೆ ಒಂದು ಪಕ್ಷ, ಕೆಳತಲೆ ಇನ್ನೊಂದು ಎಂದಾಗಿ ಮೇಲ್ತಲೆಯವರು ಕೆಳತಲೆಯ ಅಂಗಡಿಯಲ್ಲಿ ಸಾಮಾನು ಕೊಳ್ಳುವುದನ್ನು ಬಿಟ್ಟರು.

ಗಿರಣಿ ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದ. ಅವನ ಕಂಟ್ರಾಕ್ಟರು ಎದುರಿನ ಪಕ್ಷ, ಇವನೂ ಅದೇ ಪಕ್ಷ. ಚಿಕ್ಕವನು ಹಂಪಿಗೆ ಆಟೊ ಓಡಿಸುತ್ತಿದ್ದ. ಅವರ ಸ್ಟ್ಯಾಂಡಿನವರೆಲ್ಲ ನಮ್ಮ ಪಕ್ಷ, ಅವನೂ ನಮ್ಮವನು. ಮೊದಮೊದಲು ಊಟಕ್ಕೆ ಕೂತಾಗ ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. ಆಮೇಲೆ ಕೆಣಕುವುದು ನಿಂತು ಬರೀ ಮುಖ ತಿರುಗಿಸಲು ತೊಡಗಿದರು. ಒಂದು ಸಂಜೆ ದೊಡ್ಡವನು ಶಿಫ್ಟ್ ಬಸ್ಸು ಇಳಿದು ಬಂದಾಗ ತಮ್ಮನ ಆಟೊ ಬಾವುಟ ಕಟ್ಟಿಕೊಂಡು ಗಿರಣಿ ಬಾಗಿಲಿಗೇ ನಿಂತಿತ್ತು.

"ಇದನ್ನ ಇಲ್ಲಿಂದ ತೆಗಿ."

"ಗಿರಣಿ ನಿನ್ನ ಒಬ್ಬಂದೇನು?"

"ಬಾವುಟಕ್ಕ ಎಷ್ಟು ಕೊಟ್ಟಾರಲೇ ನಿಮ್ಮ ಲೀಡರು?"

"ನಿನಗ ನಿಮ್ಮ ಕಂಟ್ರಾಕ್ಟರ್ ಕೊಟ್ಟಿದ್ದಕ್ಕಿಂತ ಕಡಿಮಿ."

ಕೈ ಕೈ ಮಿಲಾಯಿಸಿದರು. ಇಬ್ಬರೂ ಉರುಳಿಕೊಂಡು ಹೋಗಿ ಸರದಿಯ ಡಬ್ಬಿಗಳ ಮೇಲೆ ಬಿದ್ದರು. ಯಾರದೋ ಜೋಳ, ಇನ್ಯಾರದೋ ಗೋಧಿ ನೆಲದ ಮೇಲೆ ಕಲೆತುಹೋಯಿತು. ಗೋಡೆಯಾಚೆಯಿಂದ ನಾನು ಓಡಿಹೋಗುವಷ್ಟರಲ್ಲಿ ಅಕ್ಕ ಮೋಟಾರು ಬಂದ್ ಮಾಡಿದ್ದಳು. ಮೋಟಾರಿನ ಪಟ್ಟಿ ಸುತ್ತಿ ಸುತ್ತಿ ನಿಂತಿತು. "ನಡೀರಿ ಹೊರಗ. ಇಬ್ರೂ" ಎಂದಳು. ಆಮೇಲೆ ನೆಲಕ್ಕೆ ಕೂತು ಕಾಳು ಬೇರೆ ಮಾಡತೊಡಗಿದಳು. ಸಾಲಿನಲ್ಲಿದ್ದ ಹೆಂಗಸರೂ ಕೂತರು. ಜೋಳದಿಂದ ಗೋಧಿ ಆರಿಸುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು.

ಅಂದಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ಒಬ್ಬ ಉಂಡೆದ್ದ ಮೇಲೆ ಇನ್ನೊಬ್ಬ ಬರುವುದು. ಕೊನೆಗೆ ಹಿರಿಸೊಸೆ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು. ಗಿರಣಿಗೂ ಮೇಲ್ತಲೆಯ ಹೆಂಗಸರು ಬೆಳಿಗ್ಗೆ, ಕೆಳತಲೆಯವರು ಮಧ್ಯಾಹ್ನ ಬರತೊಡಗಿದರು.

ಆ ಹೊತ್ತಿನಲ್ಲಿ ಬಂದವನು ಒಬ್ಬ ಹೊರಗಿನವನು. ಯಾವ ಪಕ್ಷವೂ ಇಲ್ಲದ ಅಭ್ಯರ್ಥಿ. ದಕ್ಷಿಣದ ಯಾವುದೋ ಜಿಲ್ಲೆಯವನು, ಸರ್ಕಾರಿ ನೌಕರಿಯಿಂದ ನಿವೃತ್ತನಾದವನು, ನಮ್ಮ ಕಡೆ ಯಾಕೆ ನಿಂತನೋ ದೇವರಿಗೇ ಗೊತ್ತು. ಕಂಪ್ಲಿ, ಎಮ್ಮಿಗನೂರು ಸುತ್ತಿ ಬಿಸಿಲಲ್ಲಿ ಬೆಂದು ಚಿತ್ತವಾಡ್ಗಿಗೆ ಬಂದಿದ್ದ. ಜೊತೆಗೆ ಇಬ್ಬರೇ ಇಬ್ಬರು. ಅವನ ಚಿಹ್ನೆ ಬಕೆಟ್ಟು. ಜನರಿಗೆ ತಿಳಿಯಲೆಂದು ಒಂದು ನಿಜವಾದ ಪ್ಲಾಸ್ಟಿಕ್ ಬಕೆಟ್ಟನ್ನೇ ಕೈಯಲ್ಲಿ ಹಿಡಿದುಕೊಂಡಿದ್ದ.

ಗಿರಣಿಯ ಬಾಗಿಲಲ್ಲಿ ನಿಂತು ಕೈ ಮುಗಿದು, "ತಾಯಿ, ತಮ್ಮ ಅಮೂಲ್ಯವಾದ ಮತವನ್ನು" ಎಂದು ಪುಸ್ತಕದ ಕನ್ನಡದಲ್ಲಿ ಶುರು ಮಾಡಿದ. ಗಿರಣಿಯ ಸದ್ದಿನಲ್ಲಿ ಅಕ್ಕನಿಗೆ ಏನೂ ಕೇಳಲಿಲ್ಲ.

"ಜೋಳೋ, ಗೋಧಿಯೋ?"

"ಮತ, ತಾಯಿ. ಬಕೆಟ್ಟಿನ ಗುರುತು."

"ಹೂಂ, ಇಡು ಇಡು. ಸಾಲಿಗೆ ಇಡು" ಎಂದು ಅವನ ಕೈಯಿಂದ ಬಕೆಟ್ಟು ಕಸಿದುಕೊಂಡಳು. ಒಳಗೆ ಇಣುಕಿದಳು. "ಏನೋ ಯಪ್ಪಾ, ಕಾಳ ಇಲ್ಲಲ್ಲ! ಬರೇ ಬಕೆಟ್ ಬೀಸ್ಲೇನು?"

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ಮನುಷ್ಯನೂ ನಗಲು ಬಾಯಿ ತೆರೆದ, ಹಿಟ್ಟು ಮೂಗಿಗೆ ಹೋಗಿ ಸೀನತೊಡಗಿದ, ಸೀನುತ್ತಲೇ ಕೈ ಮುಗಿದು ಹೊರಟುಹೋದ. ಇಷ್ಟೇ. ಒಂದು ಭರವಸೆ ಕೊಡಲಿಲ್ಲ, ನಮ್ಮ ಊರಿನ ಒಂದು ಕಷ್ಟ ಕೇಳಲಿಲ್ಲ. ಅವನಿಗೆ ತುಂಗಭದ್ರೆಯ ಕಾಲುವೆ ಯಾವುದು, ಊರ ಚರಂಡಿ ಯಾವುದು ಎಂಬುದೂ ತಿಳಿದಿರಲಿಕ್ಕಿಲ್ಲ.

ಮತದಾನಕ್ಕೆ ಎರಡು ದಿನ ಮುಂಚೆ ನಾನು ಚೀಟಿ ಹಿಡಿದುಕೊಂಡು ಗಿರಣಿಗೆ ಹೋದೆ. ಬೀಸಿಸಿಕೊಳ್ಳುವವರ ಸಾಲು ಬಾಗಿಲಾಚೆಗೂ ಇತ್ತು. "ಅಕ್ಕಾ, ನಮ್ಮದು ನೆನಪೈತಲ್ಲ?" ಎಂದೆ.

"ನಾ ಈ ಸಲ ಬಕೆಟ್ಟಿಗೆ ಹಾಕಾಕಿ" ಎಂದು ಗಿರಣಿ ಅಕ್ಕ ಎಂದಿನ ದನಿಯಲ್ಲೇ ಕೂಗಿದಳು.

ಚೇಷ್ಟೆ ಎಂದುಕೊಂಡೆ. ಅಲ್ಲ ಎಂದು ತಿಳಿದಾಗ ಸಿಟ್ಟು ನೆತ್ತಿಗೇರಿತು. "ಅಕ್ಕಾ, ಆತ ಯಾವೂರವ? ನಾಳೆ ರೇಷನ್ ಬರಲಿಲ್ಲಂದ್ರ ಎಲ್ಲಿ ಹುಡುಕ್ತೀರಿ? ನಮಗ ಹಾಕ್ರಿ. ಬ್ಯಾಡಂದ್ರ ಎದುರಿನವರಿಗೆ ಹಾಕ್ರಿ, ನನಗ ಅರ್ಥ ಆಕ್ಕತಿ. ಇದ್ಯಾಕ?"

ಅವಳು ಗಿರಣಿ ನಿಲ್ಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹೇಳ್ತೀನಿ ಕೇಳು. ಅವತ್ತು ಸಂಜಿಕ ಮನ್ಯಾಗ ಆ ಬಕೆಟ್ಟಿನ ಕಥಿ ಹೇಳಿದ್ನಿ. ಸಣ್ಣಾವ ಉಣ್ಣಾಕ ಕುಂತಿದ್ದ. ದೊಡ್ಡಾವ ಹಿತ್ತಲದಾಗ ಮುಖ ತೊಳೀತಿದ್ದ. ಇಬ್ರೂ ನಕ್ರು. ಸಣ್ಣಾವಗ ಅನ್ನ ನೆತ್ತಿಗೇರ್ತು. ದೊಡ್ಡಾವ ಒಳಗ ಬಂದು ತಮ್ಮನ ನೆತ್ತಿ ತಟ್ಟಿದ. ತಟ್ಟಿದ ಮ್ಯಾಲ ನೆನಪಾತು ನೋಡು, ಮಾತು ಬಿಟ್ಟೀವಿ ಅಂತ. ಕೈ ಹಿಂದ ತಗೊಂಡ."

"ಅದಕ್ಕ?"

"ಅದಕ್ಕ ಅಂದ್ರ? ನಿಮ್ಮಾವನ ಹೆಸರು ತಗದ್ರ ಒಬ್ಬ ಎದ್ದು ಹೋಗ್ತಾನ. ಅವರಾವನ ಹೆಸರು ತಗದ್ರ ಇನ್ನೊಬ್ಬ ಹೋಗ್ತಾನ. ಈ ಬಕೆಟ್ಟಿನ ಮುದುಕನ ಹೆಸರು ತಗದ್ರ ಯಾರೂ ಏಳೂದಿಲ್ಲ. ನನ್ನ ಮನ್ಯಾಗ ಉಳಿದಿರೋದು ಅದೊಂದ ಹೆಸರು."

"ಇದು ಓಟು ಹಾಕೋದಕ್ಕ ಒಂದು ಕಾರಣನ? ದೇಶದ ಚುನಾವಣಿ ಅಕ್ಕಾ ಇದು, ನಿಮ್ಮನಿ ಪಂಚಾಯ್ತಿ ಅಲ್ಲ!"

"ದೇಶಾನ ನನ್ನ ಅಡಿಗಿಮನಿಗೆ ತಂದಾವ್ರು ಯಾರು? ನಾ ಕರದಿದ್ನೇನು?"

ಸಾಲಿನಲ್ಲಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಅವಳ ದನಿಗೆ ಮೇಲ್ತಲೆಯೂ ಕೆಳತಲೆಯೂ ಕೇಳಿಸಿಕೊಂಡಿದ್ದವು. ಎಲ್ಲ ಮನೆಗಳಲ್ಲೂ ಎದ್ದು ಹೋಗುವ ಒಬ್ಬ ಮಗನೋ, ಗಂಡನೋ, ಮೈದುನನೋ ಇದ್ದ.

ಎಣಿಕೆಯ ದಿನ ನಾನು ಟೇಬಲ್ಲಿನ ಮುಂದೆ ಕೂತಿದ್ದೆ. ಕ್ಷೇತ್ರದಲ್ಲಿ ಬೇರೆಲ್ಲೂ ಲೆಕ್ಕಕ್ಕೇ ಬಾರದ ಬಕೆಟ್ಟು ನಮ್ಮ ಬೂತಿನಲ್ಲಿ ಎಲ್ಲರಿಗಿಂತ ಮುಂದೆ ಬಂದಿತ್ತು. ನನ್ನ ಕಿವಿಯನ್ನು ನಾನು ನಂಬಲಿಲ್ಲ, ಅಧಿಕಾರಿ ಇನ್ನೊಮ್ಮೆ ಓದಿ ಹೇಳಿದ. ನಮ್ಮವನು ಸೋತ. ಕ್ಷೇತ್ರ ಸೋತದ್ದಕ್ಕೆ ನೂರು ಕಾರಣಗಳಿದ್ದವು. ಕಚೇರಿಯಲ್ಲಿ ಎಲ್ಲರೆದುರು ನಿಲ್ಲಿಸಿ ಬೈದದ್ದು ನನ್ನನ್ನು. "ಒಬ್ಬ ಹಿಟ್ಟಿನ ಗಿರಣಿ ಹೆಣ್ಮಗಳನ್ನ ಸಂಭಾಳಿಸಾಕ ಆಗಲಿಲ್ಲ ನಿನಗ?" ಎಂದರು ನಮ್ಮ ಮುಖಂಡರು. ಬೂತಿನ ಉಸ್ತುವಾರಿಯನ್ನು ನಿನ್ನೆ ಮೊನ್ನೆ ಪಕ್ಷಕ್ಕೆ ಬಂದವನೊಬ್ಬನಿಗೆ ಕೊಟ್ಟರು.

ತಿಂಗಳುಗಟ್ಟಲೆ ಅವಳೊಡನೆ ನಾನು ಮಾತಾಡಲಿಲ್ಲ. ಗೋಡೆಯಾಚೆ ಗಿರಣಿ ತಿರುಗುವ ಸದ್ದು ಕೇಳಿದರೇ ಹಲ್ಲು ಕಡಿಯುವಂತಾಗುತ್ತಿತ್ತು. ನನ್ನ ಹೆಂಡತಿ ಮಾತ್ರ ಎಂದಿನಂತೆ ಡಬ್ಬಿ ಒಯ್ಯುತ್ತಿದ್ದಳು. "ನಿಮ್ಮ ಸಿಟ್ಟಿಗೆ ರೊಟ್ಟಿ ಬಡಿಯಾಕ ಬರ್ತದೇನು?" ಎನ್ನುತ್ತಿದ್ದಳು. ನನಗೆ ಉರಿದದ್ದು ಸೋತದ್ದಕ್ಕಷ್ಟೇ ಅಲ್ಲ. ಆ ಓಟಿನಿಂದ ಅವಳಿಗಾದರೂ ಏನು ಬಂತು? ಹೊರಗಿನವನು ತನ್ನ ಬಕೆಟ್ಟು ಎತ್ತಿಕೊಂಡು ಊರಿಗೆ ಹೋದವನು ತಿರುಗಿ ನೋಡಲಿಲ್ಲ. ದೊಡ್ಡ ಮಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತೋರಣಗಲ್ಲಿನಲ್ಲಿ ಬಾಡಿಗೆ ಮನೆ ಹಿಡಿದ. ತಗಡಿನ ಟ್ರಂಕು ಟೆಂಪೋಗೆ ಏರುವಾಗ ಚಿಕ್ಕವನು ಆಟೊದ ಸೀಟು ಒರೆಸುತ್ತ ನಿಂತಿದ್ದ, ತಲೆ ಎತ್ತಲಿಲ್ಲ.

ಮಳೆಗಾಲದಲ್ಲಿ ಅವಳಿಗೆ ಉಬ್ಬಸ ಶುರುವಾಯಿತು. ವರ್ಷಾನುಗಟ್ಟಲೆ ಕುಡಿದ ಹಿಟ್ಟು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರಿಸಿದ ಮೇಲೆ ಹೆಂಡತಿಯ ಕಾಟಕ್ಕೆ ನಾನೂ ಹೋದೆ. ತಲೆಯ ಟವೆಲಿಲ್ಲದೆ, ಮುಖದ ಹಿಟ್ಟಿಲ್ಲದೆ ಅವಳ ಗುರುತೇ ಸಿಗಲಿಲ್ಲ. ನನ್ನನ್ನು ಕಂಡು, "ಕುಂದ್ರು" ಎಂದಳು. ಕೂತೆ. ಏನೋ ಮಾತಾಡಬೇಕಲ್ಲ ಎಂದು ಕೂತಿದ್ದಾಗ ಅವಳೇ ಕೇಳಿದಳು:

"ಸಿಟ್ಟು ಇಳೀತೇನು?"

"ಇಲ್ಲ."

"ಇರ್ಲಿ. ಒಂದು ಮಾತು ಹೇಳು. ನಾ ನಿಮ್ಮಾವಗ ಹಾಕಿ, ಆತ ಗೆದ್ದಿದ್ರ, ನನ್ನ ಮಕ್ಕಳು ಮಾತಾಡ್ತಿದ್ರೇನು?"

ನಾನು ಲೋಟಕ್ಕೆ ನೀರು ಬಗ್ಗಿಸಿ ಚಾಚಿದೆ. ಅವಳು ಕೈ ಅಡ್ಡ ಮಾಡಿದಳು.

"ಅವರಾವ ಗೆದ್ದನಲ್ಲ. ಮಾತಾಡಿದ್ರೇನು?"

"ಬಕೆಟ್ಟಿಗೆ ಹಾಕಿದ್ರಿ, ಅವಾಗಾದ್ರೂ ಮಾತಾಡಿದ್ರೇನು ಅಕ್ಕಾ?" ಎಂದುಬಿಟ್ಟೆ.

ಅವಳು ಬಹಳ ಹೊತ್ತು ಉಸಿರಿಗೆ ಕಾದಳು. "ಇಲ್ಲ" ಎಂದಳು. "ಆದ್ರ ಅವರು ಜಗಳ ಆಡೋದ್ರಾಗ ನನ್ನ ಕೈ ಇಲ್ಲ. ಇಬ್ರಲ್ಲಿ ಯಾರನ್ನೂ ನಾ ಸೋಲಿಸಿಲ್ಲ."

ಆ ವಾರವೇ ತೀರಿಕೊಂಡಳು.

ಕಾಲುವೆಯ ದಂಡೆಯ ಮೇಲಿನ ಸುಡುಗಾಡಿನಲ್ಲಿ ಮೇಲ್ತಲೆಯೂ ಕೆಳತಲೆಯೂ ನೆರೆದಿದ್ದವು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ, ನಡುವೆ ನಾನು. ದೊಡ್ಡವನು ನನ್ನತ್ತ ಬಾಗಿ, "ಕಟ್ಟಿಗಿ ಸಾಲ್ತಾವೇನು ಕೇಳ್ರಿ ಅವನಿಗೆ" ಎಂದ. ಕೇಳಿದೆ. "ಸಾಲ್ತಾವಂತ ಹೇಳ್ರಿ" ಎಂದ ಚಿಕ್ಕವನು. ಹೇಳಿದೆ. "ಎಣ್ಣಿ ತಂದಾನಾ ಕೇಳ್ರಿ." ಕೇಳಿದೆ. "ತಂದೀನಂತ ಹೇಳ್ರಿ." ಇಬ್ಬರ ಕಣ್ಣಲ್ಲೂ ಒಂದೇ ಸಮ ನೀರು ಸುರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ನೀವ ಮಾತಾಡ್ರಲೇ! ಸತ್ತಾಕಿ ನಿಮ್ಮವ್ವ!" ಎಂದು ಚೀರಿದೆ. ಎಲ್ಲರೂ ತಿರುಗಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡವನು ಮತ್ತೆ ನನ್ನತ್ತ ಬಾಗಿ ಮೆಲ್ಲಗೆ, "ಬೆಂಕಿ ಅವನ ಹಚ್ಚಲಂತ ಹೇಳ್ರಿ. ಆಕಿ ಕಡಿಗೆ ಇದ್ದದ್ದು ಅವನ ಹತ್ರ" ಎಂದ.

ಹೇಳಿದೆ.

ಮೊನ್ನೆ ಪಕ್ಷದ ಕಚೇರಿಯಿಂದ ಮತ್ತೆ ನನಗೇ ಕರೆ ಬಂತು; ನನ್ನ ಬೂತು ವಹಿಸಿಕೊಂಡಿದ್ದ ಹೊಸಬ ಅಷ್ಟರಲ್ಲಿ ಎದುರಿನ ಪಕ್ಷ ಸೇರಿದ್ದ. ಮುಂದಿನ ಚುನಾವಣೆಗೆ ಬೂತು ಬೂತಿನ ಪರಿಸ್ಥಿತಿ ವಿಚಾರಿಸುತ್ತಿದ್ದರು. ನನ್ನ ಸರದಿ ಬಂದಾಗ ಮುಖಂಡರು, "ಆ ಗಿರಣಿ ಹೆಣ್ಮಗಳು ಈ ಸಲ ಏನಂತಾಳ?" ಎಂದರು.

"ಆಕಿ ತೀರಿಕೊಂಡ್ಲ್ರಿ."

"ಹೌದಾ? ಚೊಲೋ ಆತು ಬಿಡು, ಒಂದು ತಲಿನೋವು ಹೋತು. ಹಂಗಾರ ನಮಗ ಎಷ್ಟು ಬರ್ತಾವ ಅಲ್ಲಿ?"

"ಅವತ್ತು ಅವರೆಲ್ಲ ಯಾಕ ಹಂಗ ಹಾಕಿದ್ರು ಅಂತ ಒಮ್ಮೆ ಕೇಳ್ರಿ ಸರ್. ನನಗ ಗೊತ್ತೈತಿ, ಹೇಳ್ತೀನಿ" ಎಂದೆ.

ಅವರು ಮುಂದಿನ ಬೂತಿನವನನ್ನು ಕೈ ಮಾಡಿ ಕರೆಯುತ್ತ, "ಯಾಕ ಅನ್ನೋದು ಆಮ್ಯಾಲ ಮಾತಾಡೋಣು. ಎಷ್ಟು ಅನ್ನೋದು ಹೇಳು ಮೊದ್ಲು" ಎಂದರು.

ಆ 'ಆಮ್ಯಾಲ' ಇನ್ನೂ ಬಂದಿಲ್ಲ. ಆ 'ಯಾಕ' ಅನ್ನುವುದಕ್ಕೆ ಅವಳು ಕೊಟ್ಟ ಉತ್ತರವನ್ನು ಯಾರ ಮುಂದೆ ಇಳಿಸಲಿ ಎಂದು ತಿಳಿಯದೆ ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.